ಪದವಿಯ ನಂತರದ ಎರಡು ವರ್ಷ
(ಸೊನ್ನದ ಪದವೀಧರರು ಮತ್ತು ಅವರ ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಕಡೆಯ ಯಾವ ಊರಿಗೆ ಹೋದರೂ ಹುಡುಗರು ನನಗೆ ಕೇಳುವ ಪ್ರಶ್ನೆ ಒಂದೇ: "ಡಿಗ್ರಿ ಮುಗದದ ರೀ ಸರ್, ಮುಂದ ಏನ್ ಮಾಡಬೇಕ್ರಿ?" ಅವರ ಹಿಂದೆ ನಿಂತ ತಂದೆಯ ಮುಖದಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಅವರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ. "ಇಷ್ಟು ವರ್ಷ ಓದಿಸಿದ್ದಾಯಿತು, ಇನ್ನೂ ಎರಡು ವರ್ಷ ಓದಿಸಿದರೆ ನೌಕರಿ ಸಿಗುತ್ತದೆಯೇ, ಇಲ್ಲವೇ?" ಎಂಬುದೇ ಆ ಪ್ರಶ್ನೆ. ಇಂದು ನಾನು ತಂದೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಏಕೆಂದರೆ ಖರ್ಚು ಮಾಡುವವರು ಅವರು. ತೊಗರಿ ರಾಶಿಯಾದ ಮೇಲೆ ಬಂದ ಹಣದಲ್ಲಿ ಬೀಜದ ಸಾಲ ತೀರಿಸಬೇಕೋ, ಮಗನ ಫೀ ಕಟ್ಟಬೇಕೋ ಎಂದು ಲೆಕ್ಕ ಹಾಕುವವರು ಅವರು.

ಉತ್ತರ ಇಷ್ಟೇ: ಎಂ.ಎ., ಎಂ.ಎಸ್ಸಿ., ಎಂ.ಕಾಂ. ಎಂಬ ಅಕ್ಷರಗಳು ಯಾರಿಗೂ ನೌಕರಿ ಕೊಡುವುದಿಲ್ಲ. ಆದರೆ ಕೆಲವು ನೌಕರಿಗಳ ಬಾಗಿಲು ಆ ಅಕ್ಷರಗಳಿಲ್ಲದೆ ತೆರೆಯುವುದೇ ಇಲ್ಲ. ನೀವು ಹೋಗಬೇಕೆಂದಿರುವ ಬಾಗಿಲು ಯಾವುದು ಎಂಬುದು ಗೊತ್ತಿದ್ದರೆ ಸ್ನಾತಕೋತ್ತರ ಅಧ್ಯಯನ ಲಾಭದ ಬಾಬತ್ತು. ಗೊತ್ತಿಲ್ಲದಿದ್ದರೆ ಅದು ಎರಡು ವರ್ಷ ಕಾಲ ತಳ್ಳುವ ಉಪಾಯ ಮಾತ್ರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪದವೀಧರರ ಸ್ಥಿತಿ

ಓದಿದಷ್ಟೂ ನೌಕರಿ ಸುಲಭ ಎಂದು ನಾವು ನಂಬಿದ್ದೇವೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯು ಬೇರೆಯದನ್ನೇ ಹೇಳುತ್ತದೆ. 2022ರಲ್ಲಿ ನಮ್ಮ ದೇಶದ ಪದವೀಧರ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡಾ 29.1 ಇತ್ತು. ಓದು ಬರಹ ಬಾರದ ಯುವಜನರಲ್ಲಿ ಅದು ಶೇಕಡಾ 3.4 ಮಾತ್ರ. ಇದರ ಅರ್ಥ ಓದಬಾರದಿತ್ತು ಎಂದಲ್ಲ. ಓದದ ಬಡವನಿಗೆ ಮನೆಯಲ್ಲಿ ಕೂಡಲು ಬರುವುದಿಲ್ಲ. ಅವನು ಸಿಕ್ಕ ಕೆಲಸಕ್ಕೆ ಹೋಗುತ್ತಾನೆ, ಪುಣೆಗೋ ಮುಂಬೈಗೋ ಬೆಂಗಳೂರಿಗೋ ದುಡಿಯಲು ಹೋಗುತ್ತಾನೆ. ಪದವಿ ಪಡೆದವನು ತನ್ನ ಓದಿಗೆ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಕಾಯುವುದು ತಪ್ಪಲ್ಲ. ಏನೂ ಮಾಡದೆ ಕಾಯುವುದು ತಪ್ಪು.

ಅಫಜಲಪುರ ತಾಲೂಕಿನ ಸೊನ್ನದ ಹತ್ತಿರ ಭೀಮಾ ನದಿಗೆ ಕಟ್ಟಿರುವ ಬ್ಯಾರೇಜನ್ನು ನೀವೆಲ್ಲ ನೋಡಿದ್ದೀರಿ. ನೀರು ನಿಂತ ಮಾತ್ರಕ್ಕೆ ಹೊಲ ಹಸಿರಾಗುವುದಿಲ್ಲ. ಆ ನೀರನ್ನು ಮೇಲೆತ್ತಬೇಕು, ಕಾಲುವೆಗೆ ಬಿಡಬೇಕು, ಕಾಲುವೆ ಹೊಲದವರೆಗೆ ಬರಬೇಕು. ಪದವಿಯೂ ಹಾಗೆಯೇ. ಮೂರು ವರ್ಷ ಓದಿ ಸಂಗ್ರಹಿಸಿದ್ದು ನಿಂತ ನೀರು. ಅದನ್ನು ಯಾವ ಕಾಲುವೆಗೆ ಹರಿಸುತ್ತೀರಿ ಎಂಬುದೇ ಇಂದಿನ ವಿಷಯ.

ನಾವು ಎಲ್ಲಿದ್ದೇವೆ

ನಮ್ಮ ಭಾಗದ ಇತಿಹಾಸವನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ನಮ್ಮ ಅಜ್ಜಂದಿರ ಕಾಲದಲ್ಲಿ ಎಂ.ಎ. ಮಾಡಬೇಕೆಂದರೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಏಕೀಕರಣದ ನಂತರ ಧಾರವಾಡಕ್ಕೆ ಹೋಗುವುದು ರೂಢಿಯಾಯಿತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗುಲಬರ್ಗಾದಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಅದೇ ಕೇಂದ್ರ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಅದು ಇಂದು ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಇಡೀ ಕರ್ನಾಟಕಕ್ಕೆ ಒಂದೇ ಎಂದು ಕೊಟ್ಟ ಸಾಮಾನ್ಯ ಕೇಂದ್ರೀಯ ವಿಶ್ವವಿದ್ಯಾಲಯ ಬೆಂಗಳೂರಿಗೆ ಹೋಗಲಿಲ್ಲ, ಮೈಸೂರಿಗೆ ಹೋಗಲಿಲ್ಲ, ನಮ್ಮ ಪಕ್ಕದ ತಾಲೂಕಿಗೆ ಬಂತು. ದೇಶದ ಬೇರೆ ಬೇರೆ ರಾಜ್ಯಗಳ ಮಕ್ಕಳು ರೈಲು ಹತ್ತಿ ಕಡಗಂಚಿಗೆ ಬರುತ್ತಾರೆ. ನಮ್ಮ ಎಷ್ಟು ಮಕ್ಕಳು ಅದರ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದಾರೆ ಎಂದು ನಿಮ್ಮ ಓಣಿಯಲ್ಲಿಯೇ ಒಮ್ಮೆ ಕೇಳಿ ನೋಡಿ.

ಇನ್ನೊಂದು ಅಂಕಿ ಹೇಳುತ್ತೇನೆ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ನವೆಂಬರಿನಲ್ಲಿ ತನ್ನ ವರದಿ ಕೊಟ್ಟಿತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ವಿದ್ಯಾರ್ಥಿಗಳಲ್ಲಿ ಒಬ್ಬ ಮುಸ್ಲಿಂ, ಸ್ನಾತಕೋತ್ತರ ಓದುವ 50 ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಂ ಎಂದು ಅದು ಹೇಳಿತು. ಪದವಿಯಿಂದ ಸ್ನಾತಕೋತ್ತರಕ್ಕೆ ಬರುವಷ್ಟರಲ್ಲಿ ನಮ್ಮ ಪಾಲು ಅರ್ಧವಾಗುತ್ತದೆ ಎಂಬುದನ್ನು ಗಮನಿಸಿ. ಅರ್ಧದಷ್ಟು ಜನ ಎಲ್ಲಿ ಉಳಿದರು? ಹುಡುಗರು ಅಂಗಡಿಗೆ, ಗ್ಯಾರೇಜಿಗೆ, ಡ್ರೈವಿಂಗಿಗೆ ಹೋದರು. ಹುಡುಗಿಯರಿಗೆ ಮದುವೆಯಾಯಿತು. ಯಾವ ಕೆಲಸವೂ ಕೀಳಲ್ಲ. ಆದರೆ ಬಿ.ಎಸ್ಸಿ. ಓದಿದವನು ಹತ್ತನೇ ತರಗತಿ ಓದಿದವನ ಕೆಲಸವನ್ನೇ ಮಾಡುವುದಾದರೆ, ಅವನ ಓದಿಗೆ ಹೋದ ಹಣ ಮತ್ತು ವರ್ಷಗಳು ದಂಡವಾದವು.

ಇದು ನಮ್ಮ ಸಮಾಜದ ಸಮಸ್ಯೆ ಮಾತ್ರವಲ್ಲ, ನಮ್ಮ ಪ್ರದೇಶದ್ದೂ ಹೌದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ನಮ್ಮ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಆ ಹಿಂದುಳಿದಿರುವಿಕೆಯನ್ನು ನೀಗಿಸಲೆಂದೇ ಮುಂದೆ ಒಂದು ಸಂವಿಧಾನ ತಿದ್ದುಪಡಿ ಬಂತು. ಅದರ ಮಾತು ಮುಂದೆ ಬರುತ್ತದೆ.

ನೌಕರಿಗಳನ್ನು ಮೂರು ಗುಂಪು ಮಾಡಿ ನೋಡಿ

ಮೊದಲನೆಯ ಗುಂಪು, ಯಾವುದೇ ಪದವಿ ಸಾಕು ಎನ್ನುವ ನೌಕರಿಗಳು. ಕೆ.ಎ.ಎಸ್. ಪರೀಕ್ಷೆ, ಐ.ಎ.ಎಸ್. ಪರೀಕ್ಷೆ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್, ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಪ್ರಥಮ ದರ್ಜೆ ಸಹಾಯಕ, ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ ಮತ್ತು ಕ್ಲರ್ಕ್ ಹುದ್ದೆಗಳು ಈ ಗುಂಪಿನವು. ಇಲ್ಲಿ ಎಂ.ಎ. ಇದ್ದವನಿಗೂ ಬಿ.ಎ. ಇದ್ದವನಿಗೂ ಪರೀಕ್ಷೆ ಒಂದೇ. ನಿಮ್ಮ ಗುರಿ ಇವುಗಳಲ್ಲಿ ಒಂದಾಗಿದ್ದರೆ, ಸ್ನಾತಕೋತ್ತರಕ್ಕೆ ಸೇರುವ ಅವಶ್ಯಕತೆ ಇಲ್ಲ. ಎರಡು ವರ್ಷ ಆ ಪರೀಕ್ಷೆಗೇ ನಿಷ್ಠೆಯಿಂದ ಓದಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆಂದು ಹೇಳಿ ಎಂ.ಎ.ಗೆ ಹೆಸರು ಹಚ್ಚಿ, ಎಂ.ಎ. ಪರೀಕ್ಷೆ ಇದೆ ಎಂದು ಹೇಳಿ ಸ್ಪರ್ಧಾತ್ಮಕ ಪರೀಕ್ಷೆ ಬಿಟ್ಟವರು ಬಹಳ ಮಂದಿ ಇದ್ದಾರೆ. ಎರಡೂ ಕಡೆ ಕೈ ಹಾಕಿ ಎರಡನ್ನೂ ಕಳೆದುಕೊಳ್ಳಬೇಡಿ.

ಎರಡನೆಯ ಗುಂಪು, ಸ್ನಾತಕೋತ್ತರ ಪದವಿ ಇಲ್ಲದಿದ್ದರೆ ಅರ್ಜಿಯನ್ನೇ ಹಾಕಲಾಗದ ನೌಕರಿಗಳು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆ ಇದರಲ್ಲಿ ಮೊದಲನೆಯದು. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಇಡಿ. ಬೇಕು. ಕೇಂದ್ರೀಯ ವಿದ್ಯಾಲಯ ಮತ್ತು ನವೋದಯ ವಿದ್ಯಾಲಯಗಳಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗೆ ಕಲಿಸುವ ಶಿಕ್ಷಕರಿಗೂ ಹಾಗೆಯೇ. ಕಾಲೇಜಿನ ಗ್ರಂಥಪಾಲಕ ಮತ್ತು ದೈಹಿಕ ಶಿಕ್ಷಣ ನಿರ್ದೇಶಕ ಹುದ್ದೆಗಳಿಗೆ ಆಯಾ ವಿಷಯದ ಸ್ನಾತಕೋತ್ತರ ಪದವಿ ಬೇಕು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವರು ಮಾತ್ರ ಕೇಂದ್ರ ಲೋಕಸೇವಾ ಆಯೋಗ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆ ಬರೆಯಬಹುದು. ಅರ್ಥಶಾಸ್ತ್ರದ ಎಂ.ಎ. ಅಂದರೆ ಮೇಷ್ಟರ ಕೆಲಸ ಮಾತ್ರ ಎಂದು ತಿಳಿದವರಿಗೆ ಇದು ಗೊತ್ತೇ ಇರುವುದಿಲ್ಲ. ಹಾಗೆಯೇ ರಸಾಯನಶಾಸ್ತ್ರದ ಬಿ.ಎಸ್ಸಿ. ಮಾತ್ರ ಇದ್ದರೆ ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ ಅರ್ಹತೆ ಬರುವುದಿಲ್ಲ, ಎಂ.ಎಸ್ಸಿ. ಇದ್ದರೆ ಬರುತ್ತದೆ. ಬ್ಯಾಂಕುಗಳ ಮಾನವ ಸಂಪನ್ಮೂಲ ಅಧಿಕಾರಿ ಹುದ್ದೆಗೆ ಎರಡು ವರ್ಷದ ಪೂರ್ಣಾವಧಿ ಸ್ನಾತಕೋತ್ತರ ಓದು ಬೇಕು, ಅದರಲ್ಲಿ ಸಮಾಜಕಾರ್ಯ ವಿಷಯಕ್ಕೂ ಅವಕಾಶವಿದೆ.

ಮೂರನೆಯ ಗುಂಪು, ಖಾಸಗಿ ಕಂಪನಿಗಳದ್ದು. ಔಷಧ ತಯಾರಿಕೆಯ ಪ್ರಯೋಗಾಲಯಗಳು, ಸಾಫ್ಟ್‌ವೇರ್ ಕಂಪನಿಗಳು, ಲೆಕ್ಕಪತ್ರದ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು. ಇಲ್ಲಿ ಕಾನೂನಿನ ಕಟ್ಟುಪಾಡು ಕಡಿಮೆ. ಎಂ.ಎಸ್ಸಿ. ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಎಂ.ಸಿ.ಎ., ಎಂ.ಬಿ.ಎ., ಎಂ.ಎಸ್.ಡಬ್ಲ್ಯು. ಇವುಗಳಿಗೆ ಬೆಲೆ ಇದೆ, ಆದರೆ ಕೈಯಲ್ಲಿ ಕೆಲಸ ಇದ್ದಾಗ ಮಾತ್ರ. ಎಂ.ಕಾಂ. ಮುಗಿಸಿದ ಹುಡುಗನಿಗೆ ಒಂದು ಜಿ.ಎಸ್.ಟಿ. ರಿಟರ್ನ್ ತುಂಬಲು ಬಾರದಿದ್ದರೆ, ಆಳಂದದ ಅಡತಿ ಅಂಗಡಿಯವರೂ ಅವನನ್ನು ಲೆಕ್ಕ ಬರೆಯಲು ಇಟ್ಟುಕೊಳ್ಳುವುದಿಲ್ಲ.

ಆದ್ದರಿಂದ ಪ್ರವೇಶದ ಅರ್ಜಿ ತುಂಬುವ ಮುಂಚೆ ಒಂದು ಕೆಲಸ ಮಾಡಿ. ನಿಮಗೆ ಬೇಕಾದ ಹುದ್ದೆಯ ಹಿಂದಿನ ಅಧಿಸೂಚನೆಯೊಂದನ್ನು ತೆಗೆದುಕೊಳ್ಳಿ. ಅದರಲ್ಲಿ "ವಿದ್ಯಾರ್ಹತೆ" ಎಂಬ ಕಲಂ ಇರುತ್ತದೆ. ಅದನ್ನು ಎರಡು ಸಲ ಓದಿ. ಆಮೇಲೆ ವಿಷಯ ಆರಿಸಿಕೊಳ್ಳಿ. ಗೆಳೆಯ ಸೇರಿದ ವಿಷಯಕ್ಕೆ ತಾನೂ ಸೇರುವುದು, ಸೀಟು ಖಾಲಿ ಇದೆ ಎಂದು ಸೇರುವುದು, ಇವೆರಡನ್ನೂ ಬಿಡಿ. ಹೊಲದ ಮಣ್ಣು ನೋಡದೆ ಬೀಜ ತರುವ ರೈತ ನಮ್ಮಲ್ಲಿ ಯಾರೂ ಇಲ್ಲ. ಓದಿನ ವಿಷಯದಲ್ಲಿ ಮಾತ್ರ ಹಾಗೇಕೆ ಮಾಡುತ್ತೇವೆ?

ಐವತ್ತೈದು ಎಂಬ ಅಂಕಿ

ಎರಡನೆಯ ಗುಂಪಿಗೆ ಹೋಗುವವರು ಒಂದು ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಅದು ಶೇಕಡಾ 55. ಯು.ಜಿ.ಸಿ. ನೆಟ್ ಪರೀಕ್ಷೆಗೂ ನಮ್ಮ ರಾಜ್ಯದ ಕೆ-ಸೆಟ್ ಪರೀಕ್ಷೆಗೂ ಸ್ನಾತಕೋತ್ತರದಲ್ಲಿ ಕನಿಷ್ಠ ಶೇಕಡಾ 55 ಅಂಕ ಬೇಕು. ಮೀಸಲಾತಿ ಪ್ರವರ್ಗದವರಿಗೆ ಶೇಕಡಾ 50. ಶೇಕಡಾ 49 ಬಂದವರು ಎಂ.ಎ. ಪಾಸಾಗಿರುತ್ತಾರೆ, ಮನೆಯಲ್ಲಿ ಸಿಹಿ ಹಂಚಿರುತ್ತಾರೆ, ಆದರೆ ಅವರಿಗೆ ಆ ಬಾಗಿಲು ಮುಚ್ಚಿರುತ್ತದೆ. ಎಂ.ಎ.ಯಲ್ಲಿ "ಪಾಸಾದರೆ ಸಾಕು" ಎನ್ನುವ ಮಾತಿಗೆ ಅರ್ಥವಿಲ್ಲ.

ಕಾಲೇಜಿನಲ್ಲಿ ನೇರ ನೇಮಕಾತಿಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ ಎಂದು ಯು.ಜಿ.ಸಿ. 2023ರ ಜುಲೈಯಲ್ಲಿ ನಿಯಮ ಮಾಡಿತು. ಪಿಎಚ್.ಡಿ. ಇಲ್ಲದಿದ್ದರೂ ಈ ಅರ್ಹತೆಯ ಮೇಲೆ ಅರ್ಜಿ ಹಾಕಬಹುದು. ಇದು ಬಡವರ ಮಕ್ಕಳಿಗೆ ಒಳ್ಳೆಯ ಸುದ್ದಿ. ಪಿಎಚ್.ಡಿ.ಗೆ ಐದಾರು ವರ್ಷ ಕಾಯಲಾಗದವರೂ ಎಂ.ಎ. ಮುಗಿಸಿ ಈ ಪರೀಕ್ಷೆ ಪಾಸು ಮಾಡಿ ಸ್ಪರ್ಧೆಗೆ ನಿಲ್ಲಬಹುದು.

ಪರೀಕ್ಷೆ ಹೇಗಿರುತ್ತದೆ? ಎರಡು ಪತ್ರಿಕೆ. ಮೊದಲನೆಯದರಲ್ಲಿ 50 ಪ್ರಶ್ನೆ, 100 ಅಂಕ. ಬೋಧನೆ, ಸಂಶೋಧನೆ, ತರ್ಕ, ಅಂಕಿ-ಅಂಶಗಳ ತಿಳಿವಳಿಕೆಯನ್ನು ಅದು ಪರೀಕ್ಷಿಸುತ್ತದೆ. ಎರಡನೆಯದರಲ್ಲಿ ನಿಮ್ಮ ವಿಷಯದ 100 ಪ್ರಶ್ನೆ, 200 ಅಂಕ. ಒಟ್ಟು ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪರೀಕ್ಷೆ ಬರೆದ ನೂರು ಜನರಲ್ಲಿ ಸುಮಾರು ಆರು ಜನರನ್ನು ಮಾತ್ರ ಅರ್ಹರೆಂದು ಘೋಷಿಸುತ್ತಾರೆ. ಎಂ.ಎ. ಎರಡನೇ ವರ್ಷದಲ್ಲಿ ಇರುವಾಗಲೇ ಈ ಪರೀಕ್ಷೆ ಬರೆಯಬಹುದು. ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ. ಆದ್ದರಿಂದ ಮದುವೆಯಾಗಿ ಮಕ್ಕಳಾದ ಮೇಲೂ ನಮ್ಮ ಹೆಣ್ಣುಮಕ್ಕಳು ಇದನ್ನು ಬರೆಯಬಹುದು.

ನೆಟ್‌ನಲ್ಲಿ ಇನ್ನೂ ಮೇಲಿನ ಸ್ಥಾನ ಬಂದವರಿಗೆ ಜೂನಿಯರ್ ರಿಸರ್ಚ್ ಫೆಲೋಶಿಪ್ ಸಿಗುತ್ತದೆ. 2023ರ ಜನವರಿಯಿಂದ ಅದರ ಮೊತ್ತ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಅಲ್ಪಸಂಖ್ಯಾತ ಸಂಶೋಧಕರಿಗೆಂದು ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ನಮ್ಮ ಮಕ್ಕಳಿಗೆ ಅದು ನಷ್ಟವೇ. ಆದರೆ ಆ ನಷ್ಟವನ್ನು ನೆನೆಯುತ್ತ ಕೂಡುವ ಬದಲು ಈ ಫೆಲೋಶಿಪ್ಪಿಗೆ ತಯಾರಾಗುವುದು ಜಾಣತನ. ಇದಕ್ಕೆ ವಯಸ್ಸಿನ ಮಿತಿ ಇದೆ ಎಂಬುದನ್ನು ಮರೆಯಬೇಡಿ.

ಅತಿಥಿ ಉಪನ್ಯಾಸಕರ ವಿಷಯದಲ್ಲೂ ಈ ಅರ್ಹತೆಗೆ ಬೆಲೆ ಇದೆ. 2022ರ ಜನವರಿಯಲ್ಲಿ ರಾಜ್ಯ ಸರಕಾರವು ಸರಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ ಹೆಚ್ಚಿಸಿದಾಗ, ಐದು ವರ್ಷಕ್ಕಿಂತ ಹೆಚ್ಚು ಅನುಭವವಿದ್ದ ಯು.ಜಿ.ಸಿ. ಅರ್ಹತೆಯವರಿಗೆ 32,000 ರೂಪಾಯಿ, ಅಷ್ಟೇ ಅನುಭವವಿದ್ದು ಅರ್ಹತೆ ಇಲ್ಲದವರಿಗೆ 28,000 ರೂಪಾಯಿ ಎಂದು ಗೊತ್ತುಪಡಿಸಿತು. ಒಂದೇ ಕಾಲೇಜು, ಒಂದೇ ಪಾಠ, ತಿಂಗಳಿಗೆ ನಾಲ್ಕು ಸಾವಿರದ ಅಂತರ.

ಕಾಯಂ ಹುದ್ದೆಯ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ ಎಂಬುದನ್ನೂ ಹೇಳಬೇಕು. 2021ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗಳಿಗೆ ಅರ್ಜಿ ಕರೆಯಿತು. ಅಂದು ಯಾರ ಕೈಯಲ್ಲಿ ಎಂ.ಎ. ಮತ್ತು ನೆಟ್ ಎರಡೂ ಸಿದ್ಧವಿದ್ದವೋ ಅವರು ಅರ್ಜಿ ಹಾಕಿದರು. "ಕರೆದಾಗ ನೋಡೋಣ" ಎಂದು ಕೂತವರು ಕೂತೇ ಇದ್ದರು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ ಹಿರಿಯರು. ಆದರೆ ತೂರಲು ಕಣದಲ್ಲಿ ಕಾಳು ಇರಬೇಕಲ್ಲವೇ?

ಎಲ್ಲಿ ಓದಬೇಕು

ದೂರ ಹೋಗಲಾಗದವರಿಗೆ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇದೆ. ಕನ್ನಡ, ಉರ್ದು, ಇಂಗ್ಲಿಷ್, ಸಮಾಜ ವಿಜ್ಞಾನ, ವಿಜ್ಞಾನ, ವಾಣಿಜ್ಯ ವಿಷಯಗಳು ಅಲ್ಲಿವೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ರಾಷ್ಟ್ರಮಟ್ಟದ ಸಿ.ಯು.ಇ.ಟಿ. ಪರೀಕ್ಷೆ ಬರೆಯಬೇಕು. ಸ್ನಾತಕೋತ್ತರಕ್ಕೆ ಬೇರೆ ಪರೀಕ್ಷೆ ಇದೆ, ಅದರ ಅರ್ಜಿ ಪದವಿಯ ಕೊನೆಯ ಪರೀಕ್ಷೆಗೂ ಮುಂಚೆಯೇ ಕರೆಯುತ್ತಾರೆ. ಫಲಿತಾಂಶ ಬಂದ ಮೇಲೆ ವಿಚಾರಿಸಲು ಹೋದವರಿಗೆ ಒಂದು ವರ್ಷ ಹೋಗುತ್ತದೆ. ಎಂ.ಬಿ.ಎ., ಎಂ.ಸಿ.ಎ. ಮಾಡುವವರು ಪಿ.ಜಿ.ಸಿ.ಇ.ಟಿ. ಬರೆಯಬೇಕು. ಎಂ.ಸಿ.ಎ.ಗೆ ಗಣಿತದ ಷರತ್ತು ಏನಿದೆ ಎಂದು ಮೊದಲೇ ನೋಡಿಕೊಳ್ಳಿ.

ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ 1998ರಿಂದ ಇದೆ. ಅದರ ಶಿಕ್ಷಕರ ತರಬೇತಿ ಕಾಲೇಜು ನಮ್ಮ ಪಕ್ಕದ ಬೀದರಿನಲ್ಲಿಯೇ ಇದೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಆವರಣವೇ ಬೇಕು ಎನ್ನುವ ಮನೆಯವರಿಗೆ ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಇದೆ, ಅದಕ್ಕೆ ಈಗ ಅಕ್ಕಮಹಾದೇವಿಯ ಹೆಸರಿದೆ. ಅಫಜಲಪುರ, ಜೇವರ್ಗಿಯವರಿಗೆ ಅದು ದೂರವಲ್ಲ.

ನೌಕರಿ ಮಾಡುತ್ತ ಓದುವವರಿಗೆ ದೂರ ಶಿಕ್ಷಣ ಇದೆ. ಮಾನ್ಯತೆ ಪಡೆದ ಸಂಸ್ಥೆಯ ದೂರ ಶಿಕ್ಷಣದ ಪದವಿಗೆ ಕಾಲೇಜಿಗೆ ಹೋಗಿ ಪಡೆದ ಪದವಿಯಷ್ಟೇ ಮಾನ್ಯತೆ ಎಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ "ಮಾನ್ಯತೆ ಪಡೆದ" ಎಂಬ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಯು.ಜಿ.ಸಿ. ಮಾನ್ಯತೆ ಇರಲಿಲ್ಲ, 2018ರಲ್ಲಿ ಅದು ಮರಳಿ ಸಿಕ್ಕಿತು. ರಾಜ್ಯದ ದೊಡ್ಡ ಸಂಸ್ಥೆಗೇ ಹೀಗಾದರೆ, ಬಸ್ ನಿಲ್ದಾಣದ ಗೋಡೆಗೆ ಹಚ್ಚಿದ "ಒಂದೇ ವರ್ಷದಲ್ಲಿ ಎಂ.ಎ." ಎಂಬ ಚೀಟಿಯನ್ನು ನಂಬಬಹುದೇ? ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಯು.ಜಿ.ಸಿ. ಮಾನ್ಯತೆ ಇದೆಯೇ ಎಂದು ನೋಡಿಯೇ ಹಣ ಕಟ್ಟಿ.

371(ಜೆ) ನಮ್ಮ ಕೈಯಲ್ಲಿರುವ ಹಕ್ಕು

ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ 371(ಜೆ) ವಿಧಿ ಬಂತು. ಅದರ ಆಧಾರದ ಮೇಲೆ 2013ರಲ್ಲಿ ರಾಜ್ಯ ಸರಕಾರ ಆದೇಶ ಮಾಡಿತು. ಈ ಭಾಗದ ಸ್ಥಳೀಯ ಹುದ್ದೆಗಳಲ್ಲಿ 'ಎ' ಮತ್ತು 'ಬಿ' ಗುಂಪಿನಲ್ಲಿ ಶೇಕಡಾ 75, 'ಸಿ' ಗುಂಪಿನಲ್ಲಿ 80, 'ಡಿ' ಗುಂಪಿನಲ್ಲಿ 85ರಷ್ಟು ಸ್ಥಳೀಯರಿಗೆ ಮೀಸಲು. ಈ ಭಾಗದ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆಯ ಸಂಸ್ಥೆಗಳಲ್ಲಿ ಶೇಕಡಾ 8.

ಇದಕ್ಕೂ ಸ್ನಾತಕೋತ್ತರಕ್ಕೂ ಏನು ಸಂಬಂಧ? 'ಡಿ' ಗುಂಪಿನ ಹುದ್ದೆಗೆ ಓದು ಹೆಚ್ಚು ಬೇಡ, ಆದ್ದರಿಂದ ಅಲ್ಲಿ ಜನಜಂಗುಳಿ. ಮೇಲಿನ ಗುಂಪಿನ ಬೋಧಕ ಹುದ್ದೆಗಳಿಗೆ ಅರ್ಹತೆ ಇರುವ ಸ್ಥಳೀಯರು ಕಡಿಮೆ ಇದ್ದಷ್ಟೂ ಅರ್ಹತೆ ಇದ್ದವನಿಗೆ ಅನುಕೂಲ. ಹಕ್ಕು ಕಾಗದದಲ್ಲಿದೆ. ಅದನ್ನು ಕೈಗೆ ತೆಗೆದುಕೊಳ್ಳಬೇಕಾದರೆ ವಿದ್ಯಾರ್ಹತೆ ಬೇಕು.

ಜೊತೆಗೆ ಪ್ರಮಾಣಪತ್ರವೂ ಬೇಕು. 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕು. ಪ್ರವರ್ಗದ ಪ್ರಮಾಣಪತ್ರ ಬೇರೆ, ಆದಾಯ ಪ್ರಮಾಣಪತ್ರ ಬೇರೆ. ರಾಜ್ಯದ ಪ್ರವರ್ಗ ಪ್ರಮಾಣಪತ್ರ ನೆಟ್ ಪರೀಕ್ಷೆಗೆ ನಡೆಯುವುದಿಲ್ಲ, ಅಲ್ಲಿ ಕೇಂದ್ರದ ನಮೂನೆಯ ಹಿಂದುಳಿದ ವರ್ಗದ ಪ್ರಮಾಣಪತ್ರ ಕೇಳುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರದಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇರುವುದು ನಮ್ಮ ಮಕ್ಕಳಲ್ಲಿ ಬಹಳ. ಮಹಮ್ಮದ್, ಮೊಹಮ್ಮದ್, ಎಂ.ಡಿ. ಎಂದು ಮೂರು ಕಡೆ ಮೂರು ರೀತಿ ಬರೆದಿರುತ್ತಾರೆ. ಇದನ್ನು ಇಂದೇ ಸರಿಪಡಿಸಿಕೊಳ್ಳಿ. ಅರ್ಜಿಯ ಕೊನೆಯ ದಿನ ತಹಸೀಲ ಕಚೇರಿಯ ಮುಂದೆ ಸಾಲಿನಲ್ಲಿ ನಿಂತು ಕಣ್ಣೀರು ಹಾಕಿದರೆ ಯಾರೂ ಕೇಳುವುದಿಲ್ಲ.

ಹಣದ ಲೆಕ್ಕ

ರಾಜ್ಯ ಸರಕಾರದ ಯುವನಿಧಿ ಯೋಜನೆಯ ನೋಂದಣಿ 2023ರ ಡಿಸೆಂಬರಿನಲ್ಲಿ ಆರಂಭವಾಯಿತು. ಅದರ ಪ್ರಕಾರ ಕೆಲಸ ಸಿಗದ ಪದವೀಧರರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ. ಮುಂದೆ ಓದುವವರಿಗೆ ಅದು ಸಿಗುವುದಿಲ್ಲ. ಕೆಲವು ಹುಡುಗರು ಇದೇ ಕಾರಣಕ್ಕೆ ಓದು ಬಿಡುವ ಮಾತಾಡುತ್ತಾರೆ. ಲೆಕ್ಕ ಹಾಕಿ ನೋಡಿ. ಎರಡು ವರ್ಷಕ್ಕೆ ಒಟ್ಟು 72,000 ರೂಪಾಯಿ. ಮೂರನೇ ವರ್ಷ ಏನು? ನೆಟ್ ಪಾಸಾಗಿ ಫೆಲೋಶಿಪ್ ಬಂದವನಿಗೆ ಎರಡೇ ತಿಂಗಳಲ್ಲಿ 74,000 ರೂಪಾಯಿ ಬರುತ್ತದೆ. ಎಲ್ಲರಿಗೂ ಫೆಲೋಶಿಪ್ ಬರುವುದಿಲ್ಲ, ನಿಜ. ಮನೆಯಲ್ಲಿ ತೀರಾ ಕಷ್ಟವಿದ್ದವರಿಗೆ ಆ ಮೂರು ಸಾವಿರವೂ ದೊಡ್ಡದು, ಅದೂ ನಿಜ. ಅಂಥವರು ಆ ಎರಡು ವರ್ಷವನ್ನು ಮೊದಲನೆಯ ಗುಂಪಿನ ಪರೀಕ್ಷೆಗಳಿಗೆ ಓದಲು ಬಳಸಲಿ. ಹಣ ಪಡೆದು ಕಟ್ಟೆಯ ಮೇಲೆ ಕೂಡುವುದು ಮಾತ್ರ ಬೇಡ.

ಓದುವವರಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನ ಮತ್ತು ವಸತಿನಿಲಯಗಳಿವೆ. ಅರ್ಜಿಯ ತಾರೀಖು ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಗೊತ್ತಾಗುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಸಾರಿಗೆ ನಿಗಮದ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಆಳಂದದಿಂದ, ಅಫಜಲಪುರದಿಂದ, ಜೇವರ್ಗಿಯಿಂದ ಕಲಬುರಗಿಗೆ ದಿನಾ ಹೋಗಿ ಬರುವ ಬಸ್ ಖರ್ಚು ಹೆಣ್ಣುಮಗಳಿಗೆ ಈಗ ಇಲ್ಲ. ಓದು ಬಿಡಿಸಲು ಇದ್ದ ನೆಪಗಳಲ್ಲಿ ಒಂದು ಕಡಿಮೆಯಾಯಿತು.

ಹೆಣ್ಣುಮಕ್ಕಳ ಪಾಲಕರಿಗೆ ಎರಡು ಮಾತು

ಈ ಮಾತನ್ನು ನಾನು ಯಾವ ಸಭೆಯಲ್ಲೂ ಬಿಡುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಹತ್ತನೇ ತರಗತಿಯಲ್ಲಿ, ಪಿ.ಯು.ಸಿ.ಯಲ್ಲಿ, ಪದವಿಯಲ್ಲಿ ಹುಡುಗರಿಗಿಂತ ಚೆನ್ನಾಗಿ ಓದುತ್ತಾರೆ. ಪದವಿ ಮುಗಿದ ದಿನ ಮನೆಯಲ್ಲಿ ಮಾತು ಬದಲಾಗುತ್ತದೆ. "ಹೆಚ್ಚು ಓದಿದರೆ ಅವಳಿಗಿಂತ ಹೆಚ್ಚು ಓದಿದ ವರ ಎಲ್ಲಿ ಸಿಗುತ್ತಾನೆ?" ಎನ್ನುತ್ತಾರೆ. ಈ ಪ್ರಶ್ನೆ ಸುಳ್ಳಲ್ಲ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕೆ ಪರಿಹಾರ ಹುಡುಗರನ್ನು ಓದಿಸುವುದೇ ಹೊರತು ಹುಡುಗಿಯರ ಓದು ನಿಲ್ಲಿಸುವುದಲ್ಲ.

ಇನ್ನೊಂದನ್ನು ಯೋಚಿಸಿ. ಪಿ.ಯು. ಕಾಲೇಜಿನಲ್ಲಿ, ಪದವಿ ಕಾಲೇಜಿನಲ್ಲಿ ನಿಮ್ಮ ಮಗಳಿಗೆ ಮಹಿಳಾ ಉಪನ್ಯಾಸಕಿ ಪಾಠ ಮಾಡಲಿ ಎಂದು ನೀವೇ ಬಯಸುತ್ತೀರಿ. ಆ ಉಪನ್ಯಾಸಕಿ ಆಕಾಶದಿಂದ ಇಳಿದು ಬರುವುದಿಲ್ಲ. ಯಾರದೋ ಮನೆಯ ಮಗಳು ಎಂ.ಎ., ಬಿ.ಇಡಿ. ಮಾಡಿದರೆ ಮಾತ್ರ ಆಕೆ ಬರುತ್ತಾಳೆ. 2015ರಿಂದ ಬಿ.ಇಡಿ. ಎರಡು ವರ್ಷದ್ದಾಗಿದೆ. ಅಂದರೆ ಪದವಿಯ ಮೇಲೆ ನಾಲ್ಕು ವರ್ಷ. ಈ ನಾಲ್ಕು ವರ್ಷವನ್ನು ಮಗಳಿಗೆ ಕೊಡುತ್ತೀರಾ ಎಂದು ನಾನು ಕೇಳುತ್ತಿದ್ದೇನೆ. ನಿಕಾಹ್ ಗೊತ್ತಾಗಿದ್ದರೂ "ಓದು ಮುಂದುವರಿಸಬೇಕು" ಎಂಬ ಮಾತನ್ನು ಬೀಗರ ಜೊತೆ ಮೊದಲೇ ಆಡಿಕೊಳ್ಳಿ. ವಾಚು, ಬೈಕು, ಬಂಗಾರದ ಮಾತು ಆಡಲು ಸಂಕೋಚಪಡದ ನಾವು ಈ ಮಾತಿಗೆ ಏಕೆ ಸಂಕೋಚಪಡಬೇಕು?

ಎರಡು ವರ್ಷವನ್ನು ಹೇಗೆ ಕಳೆಯಬೇಕು

ಯುವ ಮಿತ್ರರೇ, ಸೇರಿದ ಮೇಲೆ ಏನು ಮಾಡಬೇಕೆಂಬುದನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ.

1. ಮೊದಲ ಸೆಮಿಸ್ಟರಿನಲ್ಲಿಯೇ ನಿಮ್ಮ ವಿಷಯದ ನೆಟ್, ಕೆ-ಸೆಟ್ ಪಠ್ಯಕ್ರಮ ತೆಗೆದು ಎಂ.ಎ. ಪಠ್ಯದ ಪಕ್ಕದಲ್ಲಿಟ್ಟು ನೋಡಿ. ಬಹುಪಾಲು ಒಂದೇ ಇರುತ್ತದೆ. ಒಂದೇ ಓದಿನಲ್ಲಿ ಎರಡೂ ಆಗುತ್ತವೆ.

2. ಇಂಗ್ಲಿಷ್ ಓದುವ ಅಭ್ಯಾಸ ಮಾಡಿಕೊಳ್ಳಿ. ಕನ್ನಡ, ಉರ್ದು ಮಾಧ್ಯಮದವರು ಅದಕ್ಕೆ ಅಂಜಬೇಕಿಲ್ಲ. ದಿನಕ್ಕೆ ಪತ್ರಿಕೆಯ ಒಂದು ಪುಟ, ಪದಕೋಶ ಪಕ್ಕದಲ್ಲಿಟ್ಟುಕೊಂಡು. ಎರಡು ವರ್ಷಕ್ಕೆ ಏಳು ನೂರು ಪುಟಗಳಾಗುತ್ತವೆ. ಅದೇ ರೀತಿ ಉರ್ದು ಮಾಧ್ಯಮದವರು ಕನ್ನಡ ಗಟ್ಟಿ ಮಾಡಿಕೊಳ್ಳಬೇಕು. ಈ ರಾಜ್ಯದಲ್ಲಿ ನೌಕರಿ ಮಾಡುವವರಿಗೆ ಕನ್ನಡ ಬಾರದೆ ನಡೆಯುವುದಿಲ್ಲ.

3. ಕಂಪ್ಯೂಟರಿನಲ್ಲಿ ಬರೆಯುವುದು, ಲೆಕ್ಕದ ಹಾಳೆ ತಯಾರಿಸುವುದು, ಕನ್ನಡ ಟೈಪಿಂಗ್, ಇವು ಮೂರನ್ನು ಕಲಿಯಿರಿ. ಯಾವ ಕೆಲಸಕ್ಕೆ ಹೋದರೂ ಇವು ಬೇಕಾಗುತ್ತವೆ.

4. ಪ್ರಾಜೆಕ್ಟ್ ಕೆಲಸವನ್ನು ಝೆರಾಕ್ಸ್ ಅಂಗಡಿಯಲ್ಲಿ ಕೊಳ್ಳಬೇಡಿ. ನಿಮ್ಮ ಊರಿನ ಬಗ್ಗೆಯೇ ಮಾಡಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರಿಂದ ನಮ್ಮ ರೈತನಿಗೆ ಬೆಲೆ ಹೆಚ್ಚು ಸಿಕ್ಕಿತೇ? ಎಂ.ಕಾಂ., ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಸಂದರ್ಶನದಲ್ಲಿ ಸ್ವಂತ ಕೆಲಸ ಮಾಡಿದವನು ಮಾತಾಡುತ್ತಾನೆ, ಕೊಂಡವನು ತಲೆ ತಗ್ಗಿಸುತ್ತಾನೆ.

5. ರಜೆಯಲ್ಲಿ ಊರಿಗೆ ಬಂದಾಗ ಹತ್ತನೇ ತರಗತಿಯ ಹತ್ತು ಮಕ್ಕಳಿಗೆ ಪಾಠ ಹೇಳಿ. ನಿಮಗೆ ಕಲಿಸುವ ಅನುಭವ ಬರುತ್ತದೆ, ಅವರಿಗೆ ದಾರಿ ಕಾಣುತ್ತದೆ.

ಸಂಘದ ಹಿರಿಯರಲ್ಲಿ ವಿನಂತಿ

ಕೊನೆಯದಾಗಿ ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಪ್ರತಿ ವರ್ಷ ನಾವು ಹತ್ತನೇ ತರಗತಿ, ಪಿ.ಯು.ಸಿ. ಮಕ್ಕಳಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಅದು ಆಗಲೇಬೇಕು. ಅದರ ಜೊತೆಗೆ ಒಂದು ನೋಂದಣಿ ಪುಸ್ತಕ ಇಡಿ. ಈ ಮೂರು ತಾಲೂಕುಗಳಲ್ಲಿ ಈ ವರ್ಷ ಪದವಿ ಮುಗಿಸಿದ ನಮ್ಮ ಮಕ್ಕಳು ಯಾರು, ಅವರಲ್ಲಿ ಮುಂದೆ ಓದಲು ಸೇರಿದವರು ಎಷ್ಟು, ಸೇರದವರು ಏಕೆ ಸೇರಲಿಲ್ಲ ಎಂದು ಬರೆಯಿರಿ. ಫೀ ಇಲ್ಲದೆ ನಿಂತವರಿಗೆ ಫೀ, ಅರ್ಜಿಯ ತಾರೀಖು ಗೊತ್ತಿಲ್ಲದೆ ನಿಂತವರಿಗೆ ಮಾಹಿತಿ, ಮನೆಯವರು ಬೇಡವೆಂದು ನಿಂತವರಿಗಾಗಿ ಒಂದು ದಿನ ಅವರ ಮನೆಗೆ ಹೋಗಿ ನಾಲ್ಕು ಮಾತು. ಬಹಳಷ್ಟು ಮಕ್ಕಳ ಓದು ನಿಂತಿರುವುದು ಇವುಗಳಲ್ಲಿ ಒಂದು ಕಾರಣಕ್ಕೆ. ಐದು ವರ್ಷ ಆ ಪುಸ್ತಕ ಬರೆದರೆ, ಐವತ್ತರಲ್ಲಿ ಒಬ್ಬ ಎಂಬ ಲೆಕ್ಕ ನಮ್ಮ ಊರಿನ ಮಟ್ಟಿಗೆ ಬದಲಾಯಿತೇ ಎಂದು ನಮಗೇ ಗೊತ್ತಾಗುತ್ತದೆ.

ಮಕ್ಕಳೇ, ಈ ಸಭೆ ಮುಗಿದು ಮನೆಗೆ ಹೋದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ಬೇಕಾದ ಹುದ್ದೆ ಯಾವುದು, ಅದಕ್ಕೆ ಬೇಕಾದ ಓದು ಯಾವುದು, ಅದರ ಅರ್ಜಿ ಯಾವಾಗ ಕರೆಯುತ್ತಾರೆ ಎಂಬ ಮೂರು ಸಾಲು ಬರೆಯಿರಿ. ಮೂರನ್ನೂ ಬರೆಯಲು ಬಂದರೆ ಆ ಹಾಳೆಯನ್ನು ನಿಮ್ಮ ಅಬ್ಬಾನಿಗೆ ತೋರಿಸಿ. ಖರ್ಚಿನ ಮಾತು ಆಮೇಲೆ ಸುಲಭವಾಗುತ್ತದೆ.